ಬರಿದಾದ ಗೂಡಿನ ಒಡೆತನ

ಒಡೆಯನು ಊರಲ್ಲಿಲ್ಲದ ಮನೆ ಯಾರದು? ಈ ಪ್ರಶ್ನೆಗೆ ಉತಾರವನ್ನು ತೆಗೆದು ನೋಡಿ, ಅದರಲ್ಲಿ ಯಾರ ಹೆಸರಿದೆಯೋ ಅವರದೆಂದು ಹೇಳಿ ಮುಗಿಸುವವರು ಉಂಟು. ಕಚೇರಿಯ ಮಟ್ಟಿಗೆ ಆ ಉತ್ತರ ಸಾಕು. ಆದರೆ ಇಂಥದೊಂದು ಮನೆಯ ಕೀಲಿಯು ಹನ್ನೊಂದು ವರುಷಗಳಿಂದ ನನ್ನ ಕಪಾಟಿನಲ್ಲಿರುವುದರಿಂದಲೂ, ಆ ಕೀಲಿಯ ದೆಸೆಯಿಂದ ನನ್ನಿಂದೊಂದು ತಪ್ಪು ನಡೆದುಹೋದುದರಿಂದಲೂ, ಈ ಪ್ರಶ್ನೆ ಅಷ್ಟು ಸುಲಭವಾಗಿ ನನ್ನನ್ನು ಬಿಡಲೊಲ್ಲದು. ಆ ಮಾತನ್ನು ಕೊನೆಯಲ್ಲಿ ಹೇಳುವೆನು. ಮೊದಲು ಹಕ್ಕಿಯೊಂದರ ಕಥೆಯನ್ನು ವಾಚಕರು ಕೇಳಬೇಕು. ಏಕೆಂದರೆ ನನ್ನ ತಪ್ಪನ್ನು ನನಗೆ ತೋರಿಸಿಕೊಟ್ಟುದು ಆ ಹಕ್ಕಿ.

ದೀಪಾವಳಿ ಕಳೆದು ನಮ್ಮ ಕಡೆ ಕಬ್ಬಿನ ಹಂಗಾಮು ಆರಂಭವಾಗುವ ಹೊತ್ತಿಗೆ, ಆಲಮಟ್ಟಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಒಣಮರಗಳ ಮೇಲೆ ಒಂದು ಅತಿಥಿ ಬಂದು ಕುಳಿತಿರುತ್ತದೆ. ಬೆನ್ನು ಕಂದು, ಹೊಟ್ಟೆ ಬಿಳುಪು, ಕಣ್ಣಿನ ಮೂಲಕ ಹಾದುಹೋಗುವ ಒಂದು ಕಪ್ಪು ಪಟ್ಟಿ. ಇದನ್ನು ಮೀನುಗಿಡುಗವೆಂದೂ ಮೀನುಡೇಗೆಯೆಂದೂ ಕರೆಯುವರು. ನೀರಿನ ಮೇಲೆ ಸುಳಿದಾಡಿ, ಮೀನು ಕಂಡೊಡನೆ ಕಾಲುಗಳನ್ನು ಮುಂದೆ ಚಾಚಿ ಧುಮುಕಿ, ಹಿಡಿದ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡು ಮರಕ್ಕೆ ಮರಳುವ ಅದರ ಚಾತುರ್ಯವನ್ನು ನೋಡುತ್ತ ನಾನು ಎಷ್ಟೋ ಮುಂಜಾವುಗಳನ್ನು ಕಳೆದಿದ್ದೇನೆ. ಇಲ್ಲಿ ಅದು ಗೂಡು ಕಟ್ಟುವುದಿಲ್ಲ. ಕಡ್ಡಿಯೊಂದನ್ನೂ ಎತ್ತುವುದಿಲ್ಲ. ಅದರ ಮನೆ ಉತ್ತರದ ಶೀತದೇಶದಲ್ಲಿರುವುದು; ಚಳಿಗಾಲದ ತುಂಬ ಆ ಮನೆ ಬರಿದು. ನಮ್ಮ ಕಣ್ಣೆದುರಿಗೆ ಅತಿಥಿಯಾಗಿರುವ ಹಕ್ಕಿ, ಸಾವಿರಾರು ಹರದಾರಿ ಆಚೆ ಒಂದು ಬೀಗವಿಲ್ಲದ ಮನೆಯ ಒಡೆಯ! ಹಾಗಾದರೆ ಅದು ಇಲ್ಲಿರುವಾಗ ಅಲ್ಲಿ ಏನು ನಡೆಯುತ್ತದೆ?

ನಮ್ಮಲ್ಲಿಗೆ ಬರುವ ಹಕ್ಕಿಗಳ ಗೂಡುಗಳು ಏಷ್ಯಾಖಂಡದ ಉತ್ತರದ ಕಾಡುಗಳಲ್ಲಿವೆ. ಅವನ್ನು ನೋಡಿ ಬರೆದವರ ಬರಹ ನನಗೆ ದೊರೆತಿಲ್ಲ. ಆದರೆ ಇದೇ ಜಾತಿಯ ಹಕ್ಕಿ ಬ್ರಿಟನ್ನಿನಲ್ಲಿಯೂ ಗೂಡು ಕಟ್ಟುತ್ತದೆ. ಅಲ್ಲಿಯವು ಚಳಿಗಾಲಕ್ಕೆ ನಮ್ಮ ಕಡೆಗೆ ಬಾರದೆ ಪಶ್ಚಿಮ ಆಫ್ರಿಕೆಯ ಸೆನೆಗಲ್, ಗ್ಯಾಂಬಿಯಾ ಮೊದಲಾದ ದೇಶಗಳಿಗೆ ಹೋಗುವವು. ಅಲ್ಲಿಯ ಜನ ಈ ಹಕ್ಕಿಯನ್ನು ಒಮ್ಮೆ ಕಳೆದುಕೊಂಡು ಮತ್ತೆ ಪಡೆದವರಾದುದರಿಂದ ಅದರ ಒಂದೊಂದು ಗೂಡನ್ನೂ ಕಣ್ಣಿಟ್ಟು ಕಾಯುತ್ತಾರೆ. ಬೇಟೆಯವರು, ಮೊಟ್ಟೆ ಕದಿಯುವವರು ಸೇರಿ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿ ಇದರ ಸಂತಾನವನ್ನೇ ಇಲ್ಲವಾಗಿಸಿದ್ದರು. ೧೯೫೪ರಲ್ಲಿ ಸ್ಕಾಟ್ಲೆಂಡಿನ ಗಾರ್ಟನ್ ಸರೋವರದ ಬಳಿ ಒಂದು ಜೋಡಿ ತಾನಾಗಿ ಬಂದು ನೆಲಸಿತು. ೧೯೫೮ರಲ್ಲಿ ಆ ಗೂಡಿನ ಮೊಟ್ಟೆಗಳಿಗೂ ಕಳ್ಳರು ಕೈಯಿಕ್ಕಿದರು. ಮರುವರುಷ ಪಕ್ಷಿರಕ್ಷಣೆಯ ಸಂಘದವರು ಗೂಡನ್ನು ಮುಚ್ಚಿಡುವುದರ ಬದಲು ಸಾರ್ವಜನಿಕರಿಗೆಲ್ಲ ದೂರದಿಂದ ನೋಡಲು ತೆರೆದಿಟ್ಟರು. ಸಾವಿರಾರು ಕಣ್ಣುಗಳೇ ಕಾವಲಾದವು. ಮುಂದೆ ೧೯೯೬ರಿಂದ ಸ್ಕಾಟ್ಲೆಂಡಿನ ಮರಿಗಳನ್ನು ತಂದು ಇಂಗ್ಲೆಂಡಿನ ರಟ್‌ಲೆಂಡ್ ಜಲಾಶಯದ ಬಳಿ ಬಿಟ್ಟರು. ೨೦೦೧ರಲ್ಲಿ ಅಲ್ಲಿಯೂ ಗೂಡು ಫಲಿಸಿತು.

ಗೂಡೆಂದರೆ ಗುಬ್ಬಿಯ ಗೂಡಿನಂಥದಲ್ಲ. ಮರದ ತೀರ ನೆತ್ತಿಯಲ್ಲಿ, ನಾಲ್ಕೂ ದಿಕ್ಕಿಗೆ ತೆರೆದುಕೊಂಡು, ಕಡ್ಡಿಕಟ್ಟಿಗೆಗಳ ಒಂದು ದೊಡ್ಡ ಅಟ್ಟ. ಮನುಷ್ಯನು ಕಾಲು ಮಡಚಿ ಮಲಗಬಹುದಾದಷ್ಟು ಅಗಲ. ಒಳಗೆ ಪಾಚಿ, ಹುಲ್ಲು, ತೊಗಟೆಯ ಹಾಸು. ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಹಕ್ಕಿಗಳು ಬಂದು ಅದೇ ಗೂಡನ್ನು ಏರಿ, ಹೊಸ ಕಡ್ಡಿ ಹೊಂದಿಸಿ, ಮೊಟ್ಟೆಯಿಟ್ಟು, ಮರಿ ಬೆಳೆಸಿ, ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರಿನಲ್ಲಿ ಹೊರಟುಬಿಡುವವು. ಗಂಡೂ ಹೆಣ್ಣೂ ಜೊತೆಯಾಗಿ ಹೋಗುವುದೂ ಇಲ್ಲ, ಚಳಿಗಾಲವನ್ನು ಒಂದೆಡೆ ಕಳೆಯುವುದೂ ಇಲ್ಲ. ಅವುಗಳನ್ನು ವರುಷ ವರುಷ ಮತ್ತೆ ಕೂಡಿಸುವುದು ಆ ಗೂಡೇ. ವರುಷದಲ್ಲಿ ಸುಮಾರು ಆರೇಳು ತಿಂಗಳು ಮಾತ್ರ ಅದು ಗಾಳಿಗೂ ಹಿಮಕ್ಕೂ ಬಿಟ್ಟ ವಸ್ತು.

ಗಾಳಿಗೂ ಹಿಮಕ್ಕೂ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಒಡೆಯ ಹೋದ ಮರುದಿನದಿಂದಲೇ ಬೇರೆ ಹಕ್ಕಿಗಳು ಬರತೊಡಗುತ್ತವೆ. ಕಾಗೆ ಮೊದಲು ಬರುತ್ತದೆ. ಅದಕ್ಕೆ ಎಲ್ಲಿಯೂ ಮೊದಲು ಬರುವುದೇ ಸ್ವಭಾವ. ಹಾಸಿನ ನಡುವೆ ಒಣಗಿ ಉಳಿದ ಮೀನಿನ ಚೂರುಗಳನ್ನು ಕೆದಕಿ ನೋಡುತ್ತದೆ. ಕಾಗೆಯ ಕುಲದ ಇತರ ಹಕ್ಕಿಗಳೂ ಬಂದು ಒಂದೊಂದು ಎಳೆ ಹುಲ್ಲೋ ಪಾಚಿಯೋ ಕಿತ್ತೊಯ್ಯುವುದುಂಟು. ನಮ್ಮ ಚೇಕಡಿ ಹಕ್ಕಿಯ ಬಳಗದ ಪುಟ್ಟ ಹಕ್ಕಿಗಳು ಕಡ್ಡಿಗಳ ಸಂದುಗೊಂದುಗಳಲ್ಲಿ ಚಳಿಗೆ ಅಡಗಿದ ಜೇಡ, ಹುಳುಗಳನ್ನು ಹೆಕ್ಕುವವು. ಸುತ್ತಲೂ ಬೇಟೆಯನ್ನರಸುವ ದೊಡ್ಡ ಗಿಡುಗವೊಂದು ಅಷ್ಟು ಎತ್ತರದ ಪೀಠವನ್ನು ಬಿಟ್ಟೀತೆ? ಅದೂ ಬಂದು ಒಂದು ಗಳಿಗೆ ಕುಳಿತು ಹೊರಡುತ್ತದೆ. ಇವು ಯಾವುವೂ ಅಲ್ಲಿ ಮನೆ ಹೂಡುವುದಿಲ್ಲ. ಯಾರೂ ಇಲ್ಲದ ಧರ್ಮಶಾಲೆಯಲ್ಲಿ ದಾರಿಹೋಕರು ಬುತ್ತಿ ಬಿಚ್ಚಿದಂತೆ ಬಂದು ಹೋಗುವವು ಅಷ್ಟೆ.

ಇದನ್ನು ಕಂಡ ಮನುಷ್ಯನ ಮನಸ್ಸಿನಲ್ಲಿ ಏನಾಗುತ್ತದೆಂಬುದು ನನಗೆ ಹೆಚ್ಚು ಸ್ವಾರಸ್ಯದ ವಿಷಯ. ಈಗಿನ ಕಾಲದಲ್ಲಿ ಇಂಥ ಗೂಡುಗಳ ಮೇಲೆ ಕ್ಯಾಮೆರಾಗಳನ್ನಿಟ್ಟು ಮನೆಯಲ್ಲಿಯೇ ಕುಳಿತು ನೋಡುವ ಅನುಕೂಲ ಬಂದಿದೆ. ಅಂಥದೊಂದು ಚಿತ್ರದಲ್ಲಿ ಕಾಗೆಯು ಗೂಡಿನ ಹಾಸನ್ನು ಎಳೆಯುತ್ತಿರುವುದನ್ನು ಮೊಮ್ಮಗಳು ನನಗೆ ತೋರಿಸಿದಾಗ, ನನಗೆ ಅರಿಯದಂತೆಯೇ, “ಹಾಳು ಕಾಗೆ, ಇನ್ನೊಬ್ಬರ ಮನೆ ಕೆಡವುತ್ತಿದೆ” ಎಂಬ ಮಾತು ಬಾಯಿಂದ ಹೊರಟಿತು. ಅವಳು ಕೂಡಲೆ, “ಆ ಹಕ್ಕಿಗೆ ಇಲ್ಲದ ಸಿಟ್ಟು ನಿಮಗ್ಯಾಕ್ರಿ ಅಜ್ಜಾ?” ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಗೂಡಿನ ಒಡೆಯನು ಆ ಹೊತ್ತಿನಲ್ಲಿ ಆಫ್ರಿಕೆಯ ಯಾವುದೋ ಅಳಿವೆಯಲ್ಲಿ ಮೀನು ತಿನ್ನುತ್ತ ಸುಖವಾಗಿದ್ದನು. ಹೋದ ಕಡ್ಡಿಗಾಗಿ ಅವನು ಮರುಗುತ್ತಿರಲಿಲ್ಲ. ಅವನ ಪರವಾಗಿ ಮರುಗುವ ಅಧಿಕಾರವನ್ನು ನನಗೆ ಕೊಟ್ಟವರು ಯಾರು?

ಹಕ್ಕಿಗಳಲ್ಲಿ ನೀತಿಯನ್ನೂ ಅನೀತಿಯನ್ನೂ ಹುಡುಕುವುದು ನಮ್ಮ ಹಳೆಯ ಚಾಪಲ್ಯ. ಕಾಗೆ ಕಳ್ಳನೂ ಅಲ್ಲ, ಚೇಕಡಿ ಸಾಧುವೂ ಅಲ್ಲ. ಅವು ತಮ್ಮ ಹಸಿವಿಗೆ ತಕ್ಕಂತೆ ನಡೆಯುವವು. ಒಡೆತನವೆಂಬ ಭಾವನೆಯನ್ನು ಆ ಗೂಡಿನ ಮೇಲೆ ಹೊದಿಸಿದವರು ನೋಡುತ್ತ ಕುಳಿತ ನಾವು. ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳಲ್ಲಿ ಇದು ಕಾನೂನಿಗೂ ಹತ್ತಿದೆ. ಅಲ್ಲಿ ಸಾಮಾನ್ಯ ಹಕ್ಕಿಯ ಗೂಡಿಗೆ ರಕ್ಷಣೆಯಿರುವುದು ಅದನ್ನು ಕಟ್ಟುವಾಗ ಮತ್ತು ಅದರಲ್ಲಿ ಹಕ್ಕಿ ವಾಸವಾಗಿರುವಾಗ ಮಾತ್ರ. ೨೦೦೬ರಲ್ಲಿ ಮಾಡಿದ ತಿದ್ದುಪಡಿಯ ಮೇರೆಗೆ ಮೂರು ಜಾತಿಗಳ ಗೂಡುಗಳನ್ನು—ಹೊನ್ನಹದ್ದು, ಬಿಳಿಬಾಲದ ಹದ್ದು, ಈ ಮೀನುಗಿಡುಗ—ಬರಿದಾಗಿರುವಾಗಲೂ ಯಾರೂ ಬೇಕೆಂದು ಕೆಡಹಕೂಡದು, ಒಯ್ಯಕೂಡದು. ಮರಳಿ ಬರುವವನ ಮನೆ ಬರಿದಾದರೂ ಅವನದೇ ಎಂದು ಒಪ್ಪಿದ ಕಾನೂನಿದು. ಒಳ್ಳೆಯ ಕಾನೂನೆಂದೇ ನನ್ನ ಅಭಿಪ್ರಾಯ. ಆದರೆ ಅದರ ಕಟ್ಟಳೆ ಇರುವುದು ಮನುಷ್ಯನ ಕೈಗೆ, ಕಾಗೆಯ ಕೊಕ್ಕಿಗಲ್ಲ. ಶಾಸನ ಬರೆದವರಿಗೆ ಈ ವಿವೇಕವಿತ್ತು. ಆ ದಿನ ನನಗಿರಲಿಲ್ಲ.

ಇಷ್ಟಕ್ಕೇ ವಿಷಯ ಮುಗಿದಿದ್ದರೆ, ‘ಬಂದು ಹೋಗುವವರಿಗೆ ಬಾಗಿಲು ತೆರೆದಿಡಿರಿ’ ಎಂದು ಹೇಳಿ ನಾನೂ ಲೇಖನಿಯನ್ನು ಕೆಳಗಿಡುತ್ತಿದ್ದೆ. ಬಂದವರು ಹೋಗದಿದ್ದರೆ? ಅಮೆರಿಕದಲ್ಲಿ ಕೊಂಬಿನಂತೆ ಗರಿಯುಳ್ಳ ದೊಡ್ಡದೊಂದು ಗೂಬೆಯಿದೆ. ಅದು ತಾನು ಗೂಡು ಕಟ್ಟುವುದನ್ನೇ ಅರಿಯದು. ಇನ್ನೂ ಹಿಮ ಬೀಳುತ್ತಿರುವ ಜನವರಿ, ಫೆಬ್ರವರಿ ತಿಂಗಳುಗಳಲ್ಲಿಯೇ ಗಿಡುಗನದೋ ಹದ್ದಿನದೋ ಮೀನುಗಿಡುಗನದೋ ಬರಿಗೂಡನ್ನು ಹೊಕ್ಕು ಮೊಟ್ಟೆಯಿಟ್ಟು ಕಾವಿಗೆ ಕುಳಿತುಬಿಡುತ್ತದೆ. ವಸಂತದಲ್ಲಿ ಒಡೆಯ ಬರುವಷ್ಟರಲ್ಲಿ ಒಳಗೊಂದು ಸಂಸಾರ! ಆ ಗೂಬೆಯನ್ನು ಎಬ್ಬಿಸುವ ಧೈರ್ಯ ಎಲ್ಲ ಹಕ್ಕಿಗೂ ಇರದು. ಎಷ್ಟೋ ವೇಳೆ ಒಡೆಯನೇ ಬೇರೆ ಮರ ಹುಡುಕಬೇಕಾಗುವುದು. ಕೆನಡಾದ ಹೆಬ್ಬಾತೂ ಹಾಗೆಯೇ. ನೆಲದ ಹಕ್ಕಿಯಾದ ಅದು ಹಲವು ವೇಳೆ ಮೀನುಗಿಡುಗನ ಎತ್ತರದ ಗೂಡನ್ನೇರಿ ಮೊಟ್ಟೆಯಿಡುತ್ತದೆ. ಮರಿಗಳು ಹೊರಬಂದ ಒಂದೆರಡು ದಿನಗಳಲ್ಲಿಯೇ, ಇನ್ನೂ ರೆಕ್ಕೆ ಬಾರದಿದ್ದರೂ, ತಾಯಿಯ ಕೂಗಿಗೆ ಅಷ್ಟೆತ್ತರದಿಂದ ಕೆಳಕ್ಕೆ ಧುಮುಕಿಬಿಡುವವು. ಅಲ್ಲಿಯವರೆಗೆ ಆಕಾಶದಲ್ಲಿ ಸುತ್ತುವ ಒಡೆಯನಿಗೂ ಕಾವಿಗೆ ಕುಳಿತ ಬಾತಿಗೂ ಜಗಳ ನಡೆಯುತ್ತಲೇ ಇರುತ್ತದೆ.

ಇಲ್ಲಿಯೂ ಗೂಬೆಯನ್ನು ಬೈದು ಪ್ರಯೋಜನವಿಲ್ಲ. ಗೂಡು ಕಟ್ಟುವ ವಿದ್ಯೆಯನ್ನೇ ಪ್ರಕೃತಿ ಕೊಡದ ಹಕ್ಕಿಗಳು ಅನೇಕ. ಚಾಣಗಳ ಕುಲವೆಲ್ಲ ಅಂಥದು. ಹಳೆಯ ಕಾಗೆಗೂಡೋ ಬಂಡೆಯ ಚಾಚೋ ಸಿಕ್ಕದಿದ್ದರೆ ಅವುಗಳ ವಂಶವೇ ನಿಂತುಹೋದೀತು. ಗ್ರೀನ್‌ಲೆಂಡಿನಲ್ಲಿ ಬಿಳಿಯ ದೊಡ್ಡ ಚಾಣವೊಂದರ ನೆಲೆಯಲ್ಲಿ ಪದರ ಪದರವಾಗಿ ಗಟ್ಟಿಯಾದ ಹಿಕ್ಕೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದರ ಅಡಿಯ ಪದರವು ಸುಮಾರು ೨,೫೦೦ ವರುಷಗಳಷ್ಟು ಹಳೆಯದೆಂದು ೨೦೦೯ರಲ್ಲಿ ಪ್ರಕಟಿಸಿದರು. ಬಸವಾದಿ ಪ್ರಮಥರಿಗಿಂತ ಹದಿನಾರು ನೂರು ವರುಷ ಹಿಂದಿನಿಂದ ಹಕ್ಕಿಗಳು ಒಂದರ ಮೇಲೊಂದು ಬಂದು ನೆಲಸಿದ ಒಂದು ಕಲ್ಲಿನ ಅಂಚು! ಅದನ್ನು ಕಟ್ಟಿದವರು ಯಾರೂ ಇಲ್ಲ. ತನ್ನದೆಂದು ಕಾದಾಡಿದ ಹಕ್ಕಿಗಳೆಷ್ಟೋ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಬ್ರಿಟನ್ನಿನ ಎಷ್ಟೋ ಮೀನುಗಿಡುಗಗಳ ಗೂಡಿಗೆ ಅಡಿಪಾಯ ಹಾಕಿದವರು ಮನುಷ್ಯರು. ಮರದ ತುದಿಗೆ, ಇಲ್ಲವೆ ಕಂಬದ ಮೇಲೆ, ಹಲಗೆಯ ಅಟ್ಟ ಬಿಗಿದು, ಕಡ್ಡಿ ಹೆಣೆದು, ಪಾಚಿ ಹಾಸಿ ಕಾದಿರುತ್ತಾರೆ. ಹಕ್ಕಿ ಬಂದು ಮೆಚ್ಚಿದರೆ ಅದು ಹಕ್ಕಿಯ ಗೂಡು. ಚಳಿಗಾಲದ ಬಿರುಗಾಳಿ ಕೆಡವಿದುದನ್ನೂ ಹಲವೆಡೆ ಅವರೇ ಸರಿಪಡಿಸುವರು. ಆದುದರಿಂದ ಕಟ್ಟಿದವನದೇ ಮನೆ ಎಂಬ ವಾದ ಇಲ್ಲಿ ನಿಲ್ಲದು. ಇದ್ದವನದೇ ಮನೆ ಎಂದರೆ ಜನವರಿಯಲ್ಲಿ ಅದು ಕಾಗೆಯದಾಗಬೇಕು. ಕಟ್ಟದವನು, ಅರ್ಧ ವರುಷಕ್ಕೂ ಮಿಕ್ಕಿ ಇರದವನು, ಆದರೂ ಒಡೆಯನೆಂದು ನಾವು ಏಕೆ ಒಪ್ಪುತ್ತೇವೆ? ಅವನು ಮರಳಿ ಬಂದು ಮೊದಲ ದಿನವೇ ಕಡ್ಡಿಯೊಂದನ್ನು ಕಾಲಲ್ಲಿ ಹಿಡಿದು ತಂದು ಇಡುತ್ತಾನೆ. ಆ ಕಡ್ಡಿಯಲ್ಲದೆ ಬೇರೆ ಕಾರಣ ನನಗೆ ತೋರದು. ಹೀಗೆ ನೋಡಿದರೆ ಬಂದವರಲ್ಲಿ ಎರಡು ಬಗೆ: ಒಡೆಯನು ಆ ಕಡ್ಡಿಯನ್ನು ಇಡಲು ಎಡೆಯನ್ನು ಉಳಿಸುವವರು, ಉಳಿಸದವರು. ಚೇಕಡಿ ಮೊದಲನೆಯದು, ಗೂಬೆ ಎರಡನೆಯದು. ಒಡೆಯನೂ ಈ ಭೇದವನ್ನು ಬಲ್ಲಂತಿದೆ. ಮರಳಿ ಬಂದೊಡನೆ ಗೂಡಿನ ಮೇಲೆ ಸುಳಿಯುವ ಕಾಗೆಯನ್ನು ಅಟ್ಟುತ್ತಾನೆ. ಆದರೆ ಅಮೆರಿಕದ ಗೂಡುಗಳಲ್ಲಿ, ಮೇಲೆ ಇವನು ಮರಿ ಸಾಕುತ್ತಿರುವಾಗಲೇ ಅಡಿಯ ಕಡ್ಡಿಗಳ ಸಂದಿನಲ್ಲಿ ಗುಬ್ಬಿಗಳು ಸಂಸಾರ ಹೂಡುವುದುಂಟು. ಅವನ್ನು ಅವನು ಮುಟ್ಟುವುದಿಲ್ಲ. ಅವನಿಗೆ ಬೇಕಾದುದು ಮೀನು, ಗುಬ್ಬಿಯಲ್ಲ.

ಎಷ್ಟು ತೆಗೆದುಕೊಂಡರೆ ತಪ್ಪಲ್ಲ ಎಂಬ ಈ ಅಳತೆಯ ಮಾತು ಬಂದಾಗ ನಮ್ಮ ವಾಚಕರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ. ಈ ಕಥೆಯನ್ನು ನಾವು ತೆಗೆದುಕೊಳ್ಳುವವರ ಸಂಯಮಕ್ಕೆ ನಿದರ್ಶನವಾಗಿ ಹೇಳುವೆವು, ಅದು ಸರಿಯೇ. ಆದರೆ ಅದರ ಮತ್ತೊಂದು ಮಗ್ಗುಲನ್ನು ನಾವು ಅಷ್ಟಾಗಿ ನೋಡುವುದಿಲ್ಲ. ಮಹಾಮನೆಯ ಅಂಗಳಕ್ಕೆ ಬೇಲಿಯಿರಲಿಲ್ಲ. ಆಯುವವನನ್ನು, “ಎಷ್ಟು ಆಯ್ದೆ, ಜೋಳಿಗೆ ತೋರಿಸು” ಎಂದು ಬಾಗಿಲಲ್ಲಿ ನಿಂತು ಕೇಳುವ ಕಾವಲುಗಾರನಿರಲಿಲ್ಲ. ಅಳತೆಯನ್ನು ಆಯುವವರ ಮನೆಯಲ್ಲಿಯೇ ಮಾಡಲು ಬಿಟ್ಟುದರಿಂದ ಲಕ್ಕಮ್ಮನ ಹಿರಿಮೆ ಬೆಳಗಲು ಎಡೆಯಾಯಿತು. ಬಾಗಿಲಲ್ಲಿಯೇ ತಡೆದಿದ್ದರೆ ಆಕೆಯ ನಡೆನುಡಿ ನಮಗೆ ತಿಳಿಯುತ್ತಲೇ ಇರಲಿಲ್ಲ.

ಇನ್ನು ನನ್ನ ತಪ್ಪಿನ ಮಾತು.

ನಮ್ಮ ದೊಡ್ಡಪ್ಪನವರ ಮನೆ ನಮ್ಮ ಓಣಿಯ ತುದಿಯಲ್ಲಿದೆ. ಮುಂದೆ ಕಲ್ಲಿನ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ದನದ ಕೊಟ್ಟಿಗೆ. ದೊಡ್ಡವ್ವ ಲಿಂಗೈಕ್ಯಳಾದ ಮೇಲೆ ಅವಳ ಮಗ, ನನ್ನ ತಮ್ಮ, ಮನೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗಿತ್ತು ಪುಣೆಗೆ ಹೋದನು. ವರುಷಕ್ಕೊಮ್ಮೆ ಜಾತ್ರೆಗೆ ಬಂದು ಎರಡು ದಿನ ಇದ್ದು ಹೋಗುತ್ತಾನೆ. ಮಿಕ್ಕ ದಿನಗಳಲ್ಲಿ ನಾನೇ ಕಾವಲು. ಕಟ್ಟೆಯ ಮೇಲೆ ಓಣಿಯ ಹೆಂಗಸರು ಮೆಣಸಿನಕಾಯಿ ಒಣಹಾಕುವುದನ್ನು ಬಿಡಿಸಿದೆ. ಹುಡುಗರು ಆಡುವುದನ್ನು ಬಿಡಿಸಿದೆ. ಕೊನೆಗೆ ಜಾಲಿಯ ಮುಳ್ಳು ತರಿಸಿ ಕಟ್ಟೆಗೆ ಬೇಲಿ ಬಡಿಸಿದೆ. ಇದೆಲ್ಲ ನಿಷ್ಠೆಯೆಂದೇ ತಿಳಿದಿದ್ದೆನು.

ನಾಲ್ಕು ವರುಷಗಳ ಹಿಂದೆ ಕಬ್ಬು ಕಡಿಯುವ ತಂಡವೊಂದು ಊರ ಹೊರಗೆ ರವದಿಯ ಗುಡಿಸಲು ಹಾಕಿಕೊಂಡಿತ್ತು. ಒಂದು ಸಂಜೆ ಅಕಾಲದ ಮಳೆ ಹಿಡಿದು ಗುಡಿಸಲುಗಳೆಲ್ಲ ನೆನೆದುಹೋದವು. ಒಬ್ಬ ಹೆಣ್ಣುಮಗಳು ಸೀರೆಯ ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಂಡು ನನ್ನ ಬಾಗಿಲಿಗೆ ಬಂದಳು. “ಯಪ್ಪಾ, ಆ ಮನ್ಯಾಗ ಯಾರೂ ಇಲ್ಲಂತ. ಎರಡು ರಾತ್ರಿ ಪಡಸಾಲ್ಯಾಗ ಇರ್ತೇವ್ರಿ, ಹಸಿಕೂಸೈತಿ” ಎಂದಳು. ನಾನು, “ಮನಿ ನಂದಲ್ಲವಾ, ಮಾಲಕರು ಪುಣೇದಾಗ ಅದಾರ. ಅವರನ್ನ ಕೇಳಬೇಕು” ಎಂದೆ. ಹೇಳಿದುದು ಸುಳ್ಳಲ್ಲ. ಆದರೆ ಕೇಳಲು ಬೇಕಾದ ಫೋನು ನನ್ನ ಅಂಗಿಯ ಕಿಸೆಯಲ್ಲಿಯೇ ಇತ್ತು. ನಾನು ಕೇಳಲಿಲ್ಲ. ಅವಳು ಎರಡನೆಯ ಮಾತಾಡದೆ ತಿರುಗಿ ಹೋದಳು. ಆ ರಾತ್ರಿ ಅವರೆಲ್ಲ ಟ್ರ್ಯಾಕ್ಟರಿನ ಟ್ರೇಲರಿನ ಕೆಳಗೆ ತಾಡಪತ್ರಿ ಕಟ್ಟಿಕೊಂಡು ಕಳೆದರೆಂದು ಮರುದಿನ ತಿಳಿಯಿತು. ಕೂಸಿಗೆ ಕೇಡೇನೂ ಆಗಲಿಲ್ಲ. ಆಗಲಿಲ್ಲವೆಂಬುದು ನನ್ನ ಪುಣ್ಯವಲ್ಲ.

ನನ್ನ ಪರವಾಗಿ ಹೇಳಬಹುದಾದುದೂ ಒಂದಿದೆ, ಅದನ್ನು ಮುಚ್ಚಿಡಲಾರೆ. ನೆರೆಯ ಊರಿನಲ್ಲಿ ಮೂರು ತಿಂಗಳಿಗೆಂದು ಕರುಣೆಯಿಂದ ಬಿಟ್ಟುಕೊಟ್ಟ ಮನೆಯೊಂದು ಕೋರ್ಟಿನ ಮೆಟ್ಟಿಲೇರಿ ಇಂದಿಗೂ ಇಳಿದಿಲ್ಲ. ಒಡೆಯನು ಬಾಡಿಗೆಯ ಮನೆಯಲ್ಲಿದ್ದಾನೆ. ಗೂಬೆಯ ಭಯ ಸುಳ್ಳು ಭಯವಲ್ಲ. ಆದರೆ ಹಸಿಗೂಸಿನ ತಾಯಿ ಕೇಳಿದುದು ಎರಡು ರಾತ್ರಿ. ಕಬ್ಬು ಮುಗಿದೊಡನೆ ಮುಂದಿನ ಹೊಲಕ್ಕೆ ನಡೆಯುವವಳು ಅವಳು. ಚೇಕಡಿಯನ್ನು ಕಂಡು ನಾನು ಗೂಬೆಯೆಂದೆ. ಅದಕ್ಕಿಂತ ನನ್ನನ್ನು ಹೆಚ್ಚು ಚುಚ್ಚುವುದು ಬೇರೆ. ನನ್ನ ಸ್ವಂತ ಮನೆಯ ಪಡಸಾಲೆಯೂ ಆ ರಾತ್ರಿ ಬರಿದಾಗಿಯೇ ಇತ್ತು. ಅಲ್ಲಿಗೆ ಕರೆಯಬಹುದೆಂಬುದು ನನಗೆ ಹೊಳೆಯಲೇ ಇಲ್ಲ. ಏಕೆಂದರೆ ‘ಮನೆ ನನ್ನದಲ್ಲ’ ಎಂಬ ಮಾತು ಅಷ್ಟು ಚೆನ್ನಾಗಿ ನನ್ನನ್ನು ಮುಚ್ಚಿತ್ತು. ತನ್ನ ಒಡವೆಯನ್ನು ಕೊಡಲೊಲ್ಲದವನು ಲೋಭಿ. ಅವನಿಗೆ ನಾಚಿಕೆಯಾದರೂ ಇದ್ದೀತು. ಇನ್ನೊಬ್ಬರ ಒಡವೆಯನ್ನು ಕಾಯುವ ನೆಪದಲ್ಲಿ ಇಲ್ಲವೆನ್ನುವವನಿಗೆ ಆ ನಾಚಿಕೆಯೂ ಇಲ್ಲ, ತಾನು ಪ್ರಾಮಾಣಿಕನೆಂಬ ಹೆಮ್ಮೆ ಬೇರೆ. ಆಫ್ರಿಕೆಯಲ್ಲಿರುವ ಹಕ್ಕಿಯ ಪರವಾಗಿ ಕಾಗೆಯ ಮೇಲೆ ಸಿಟ್ಟಾದ ದಿನ ಮೊಮ್ಮಗಳು ಕೇಳಿದ ಪ್ರಶ್ನೆ ಈ ಗಾಯಕ್ಕೇ ತಗುಲಿತು.

ಅಂದು ರಾತ್ರಿಯೇ ಪುಣೆಗೆ ಫೋನು ಮಾಡಿ ನಡೆದುದೆಲ್ಲವನ್ನೂ ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣಾ, ಅವ್ವ ಇದ್ದಾಗ ಕಬ್ಬಿನವರು ಆ ಪಡಸಾಲ್ಯಾಗ ಮಲಗತಿದ್ರು, ನೀ ಮರತಿಯೇನು?” ಎಂದನು. ನಾನು ಮರೆತಿದ್ದೆನು. ಆ ಕಟ್ಟೆಯ ಮೇಲೆ ದೊಡ್ಡವ್ವ ಕುಳಿತು ಅವರ ಮಕ್ಕಳಿಗೆ ರೊಟ್ಟಿ ಹರಿದು ಕೊಡುತ್ತಿದ್ದುದು, ಅವಳೊಡನೆ ನಾನೂ ಕುಳಿತಿದ್ದುದು, ಆಮೇಲೆ ಒಂದೊಂದಾಗಿ ನೆನಪಿಗೆ ಬಂದಿತು.

ಈ ವರುಷ ಹಂಗಾಮಿಗೆ ಮುಂಚೆ ಕಟ್ಟೆಯ ಮುಳ್ಳನ್ನು ತೆಗೆಸಿದೆ. ಮೆಣಸಿನಕಾಯಿ ಮತ್ತೆ ಹರಡಿವೆ. ಪಡಸಾಲೆಯ ಬಾಗಿಲಿಗೆ ಬೀಗವಿಲ್ಲ. ಒಳಮನೆಯ ಕೀಲಿ ಇನ್ನೂ ನನ್ನ ಕಪಾಟಿನಲ್ಲಿಯೇ ಇದೆ. ಅದನ್ನೂ ತೆಗೆಯಬೇಕೇ ಎಂಬುದನ್ನು ನಾನೂ ತಮ್ಮನೂ ಇನ್ನೂ ಮಾತಾಡಿ ಮುಗಿಸಿಲ್ಲ. ನಿನ್ನೆ ಮುಂಜಾನೆ ಹಿನ್ನೀರಿಗೆ ಹೋದಾಗ ಮೀನುಗಿಡುಗವು ಅದೇ ಒಣಮರದ ಮೇಲೆ ಕುಳಿತು ಮೀನು ಹರಿಯುತ್ತಿತ್ತು. ಕೆಳಗಿನ ಕೊಂಬೆಯಲ್ಲಿ ಎರಡು ಕಾಗೆಗಳು, ಬೀಳುವ ಚೂರಿಗಾಗಿ ಕಾದಿದ್ದವು.